ಹೊಸ ಪಿಕಪ್, ಹಳೇ ಪಿಕಪ್: ಹಿಂದಿನ ಸೀಟಿನ ಲೆಕ್ಕ

2010ರ ಫೋರ್ಡ್ ಎಫ್-150 ಸೂಪರ್‌ಕ್ರೂ ಪಿಕಪ್‌ನ ಹಿಂದಿನ ಸೀಟಿನಲ್ಲಿ ಕಾಲಿಗೆ ಸಿಗುವ ಜಾಗ (ಲೆಗ್‌ರೂಮ್), ಕಂಪನಿಯೇ ಕೊಟ್ಟ ಅಳತೆಯಂತೆ, 43.5 ಇಂಚು. 2024ರಲ್ಲಿ ಪೂರ್ತಿ ಹೊಸ ವಿನ್ಯಾಸದಲ್ಲಿ ಬಂದ ಟೊಯೋಟಾ ಟಕೋಮಾ ಡಬಲ್ ಕ್ಯಾಬ್‌ನಲ್ಲಿ ಅದು 33.7 ಇಂಚು. ಹದಿನಾಲ್ಕು ವರ್ಷ ಹಳೆಯ ಗಾಡಿಯಲ್ಲಿ ಹೆಚ್ಚುಕಡಿಮೆ ಹತ್ತು ಇಂಚು ಜಾಸ್ತಿ! ಎಫ್-150 ದೊಡ್ಡ ವರ್ಗದ ಪಿಕಪ್, ಟಕೋಮಾ ಮಧ್ಯಮ ವರ್ಗದ್ದು. ಎರಡೂ ಒಂದೇ ತಕ್ಕಡಿಯವಲ್ಲ ಎಂಬುದು ನಿಜ. ಆದರೆ ಗಾಡಿ ಹುಡುಕುವ ಮನೆಯವರ ಮುಂದೆ ಈ ಎರಡೂ ಒಂದೇ ವಾರ ಬಂದು ನಿಲ್ಲುತ್ತವೆ. ಒಂದು ಹೊಳೆಯುವ ಹೊಸದು, ಇನ್ನೊಂದು ಒಂದೂವರೆ ಲಕ್ಷ ಮೈಲಿ ಓಡಿದ ಹಳೆಯದು. ಹಿಂದೆ ಕೂರುವವರು ಯಾರು ಎಂಬುದನ್ನು ಮೊದಲು ತೀರ್ಮಾನಿಸದಿದ್ದರೆ ಹೊಸದೇ ಗೆಲ್ಲುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಲ್ಲಿ ಪಿಕಪ್ ಈಗ ಅಪರೂಪವಲ್ಲ. ಟೆಕ್ಸಸ್, ಕೊಲರಾಡೊ, ಅರಿಜೋನಾ ಕಡೆ ಇರುವವರಿಗಂತೂ ಅದು ಕಣ್ಣಿಗೆ ಪಳಗಿದ ಗಾಡಿ. ಮನೆ ಬದಲಿಸಲು, ತೋಟಕ್ಕೆ ಮಣ್ಣು ತರಲು, ಬೇಸಿಗೆಯಲ್ಲಿ ಟ್ರೈಲರ್ ಎಳೆಯಲು ಎಂದು ಕೊಳ್ಳುತ್ತಾರೆ. ಆಮೇಲೆ ನೋಡಿದರೆ ವರ್ಷದಲ್ಲಿ ಹೆಚ್ಚಿನ ದಿನ ಅದರಲ್ಲಿ ಓಡಾಡುವುದು ಶಾಲೆಗೆ ಹೋಗುವ ಮಕ್ಕಳು, ಊರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ ಅಮ್ಮ, ಏರ್‌ಪೋರ್ಟಿನಿಂದ ಕರೆತರುವ ನೆಂಟರು. ಸಾಮಾನು ಹಾಕುವ ಬೆಡ್ಡಿಗಿಂತ ಹಿಂದಿನ ಸೀಟಿಗೇ ಕೆಲಸ ಹೆಚ್ಚು. ಹಾಗಾಗಿ ಎಂಜಿನ್ನಿನ ಸಾಮರ್ಥ್ಯ, ಎಳೆಯುವ ತೂಕ ಇವೆಲ್ಲಕ್ಕೂ ಮೊದಲು ಹಿಂದಿನ ಸೀಟನ್ನು ನೋಡಿ ಎಂಬುದೇ ನನ್ನ ಸಲಹೆ. ನೋಡುವಾಗ ಗಾಡಿಯ ವರ್ಷಕ್ಕಿಂತ, ಜನ ಕೂರುವ ಭಾಗವಾದ ಕ್ಯಾಬ್ ಯಾವ ಬಗೆಯದು ಎಂಬುದಕ್ಕೆ ಹೆಚ್ಚು ಬೆಲೆ ಕೊಡಿ.

ಪಿಕಪ್ ಹುಟ್ಟಿದ್ದು ಹೊಲ, ಅಂಗಡಿ, ಕಾರ್ಖಾನೆಗಾಗಿ. ಮುಂದೊಂದು ಸೀಟು, ಹಿಂದೆ ಎಂಟಡಿಯ ಬೆಡ್, ಅಷ್ಟೇ. ಎರಡನೇ ಸಾಲಿನ ಸೀಟಿರುವ ಉದ್ದ ಕ್ಯಾಬನ್ನು 1957ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಟ್ರಾವೆಲೆಟ್ ಎಂಬ ಹೆಸರಿನಲ್ಲಿ ತಂದಾಗ ಅದಕ್ಕೆ ಇದ್ದದ್ದು ಮೂರೇ ಬಾಗಿಲು. ಆ ಕಾಲದ ಅಂಥ ಗಾಡಿಗಳು ರೈಲ್ವೆ, ವಿದ್ಯುತ್ ಕಂಪನಿಗಳ ಕೆಲಸಗಾರರ ತಂಡವನ್ನು ಒಯ್ಯಲು ಇದ್ದವೇ ಹೊರತು ಸಂಸಾರಕ್ಕಲ್ಲ. 1973ರಲ್ಲಿ ಡಾಡ್ಜ್ ಕ್ಲಬ್ ಕ್ಯಾಬ್, ಮರುವರ್ಷ ಫೋರ್ಡ್ ಸೂಪರ್‌ಕ್ಯಾಬ್ ಬಂದವು. ಇವು ಮುಂದಿನ ಸೀಟಿನ ಹಿಂದೆ ಒಂದಿಷ್ಟು ಜಾಗ ಬಿಟ್ಟು, ಅಲ್ಲಿ ಅಡ್ಡಕ್ಕೆ ಮುಖಮಾಡಿ ಕೂರುವ ಪುಟ್ಟ ಮಡಚು ಸೀಟುಗಳನ್ನು ಇಟ್ಟ ಗಾಡಿಗಳು. ಮನೆಮಂದಿಯೆಲ್ಲ ಸರಾಗವಾಗಿ ಕೂರಬಹುದಾದ, ಮಾಮೂಲಿ ಕಾರಿನಂತೆ ತೆರೆಯುವ ನಾಲ್ಕು ಬಾಗಿಲಿನ ಎಫ್-150 ಬಂದದ್ದು 2001ರ ಮಾದರಿಯಲ್ಲಿ. ಅದರ ಹಿಂದಿನ ಲೆಗ್‌ರೂಮ್ 36.8 ಇಂಚು ಇತ್ತು. 2004ರಲ್ಲಿ 39 ಇಂಚಾಯಿತು. 2009ರಲ್ಲಿ ಕ್ಯಾಬನ್ನೇ ಉದ್ದ ಮಾಡಿ 43.5ಕ್ಕೆ ಏರಿಸಿದರು. ಅಲ್ಲಿಂದೀಚೆಗೆ ಆ ಅಂಕಿ ಹೆಚ್ಚೇನೂ ಕದಲಿಲ್ಲ. ಹಾಗಾಗಿ ಬಳಸಿದ ಎಫ್-150 ಹುಡುಕುವವರು ನೆನಪಿಡಬೇಕಾದ ಗಡಿ 2009. 2008ರ ಗಾಡಿಗೂ 2009ರ ಗಾಡಿಗೂ ಬೆಲೆಯಲ್ಲಿ ಅಂತರ ಸ್ವಲ್ಪ ಇರಬಹುದು, ಹಿಂದೆ ಕೂತವರ ಮೊಣಕಾಲಿಗೆ ಅಂತರ ನಾಲ್ಕೂವರೆ ಇಂಚು.

ಕ್ಯಾಬ್‌ಗಳ ಹೆಸರಿನಲ್ಲಿ ದೊಡ್ಡ ಗೋಜಲಿದೆ, ಇಲ್ಲಿ ಎಡವುವವರೇ ಹೆಚ್ಚು. ಟೊಯೋಟಾದ ಟಕೋಮಾದಲ್ಲಿ ಡಬಲ್ ಕ್ಯಾಬ್ ಎಂದರೆ ಇರುವುದರಲ್ಲಿ ದೊಡ್ಡದು. ಅದೇ ಟೊಯೋಟಾದ ಟಂಡ್ರಾದಲ್ಲಿ ಡಬಲ್ ಕ್ಯಾಬ್ ಎಂದರೆ ಚಿಕ್ಕದು, ದೊಡ್ಡದಕ್ಕೆ ಕ್ರೂಮ್ಯಾಕ್ಸ್ ಎಂದು ಹೆಸರು. 2022ರ ಟಂಡ್ರಾದಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಎಂಟು ಇಂಚಿಗೂ ಹೆಚ್ಚು: ಡಬಲ್ ಕ್ಯಾಬ್ 33.3, ಕ್ರೂಮ್ಯಾಕ್ಸ್ 41.6. ಷೆವ್ರೊಲೆ ಸಿಲ್ವರಾಡೊದಲ್ಲೂ 2014ರಿಂದ ಡಬಲ್ ಕ್ಯಾಬ್ ಎಂಬುದು ಚಿಕ್ಕ ಕ್ಯಾಬಿನ ಹೆಸರು. ರ್‍ಯಾಮ್‌ನ ಕತೆ ಇನ್ನೂ ತೊಡಕಿನದು. 2002ರಿಂದ 2008ರವರೆಗಿನ 1500 ಮಾದರಿಯಲ್ಲಿ ಕ್ವಾಡ್ ಕ್ಯಾಬ್ ಎಂದರೆ ನಾಲ್ಕು ಬಾಗಿಲಿನ ಮುಖ್ಯ ಕ್ಯಾಬ್. 2009ರಿಂದ ಅದಕ್ಕಿಂತ ದೊಡ್ಡದಾದ ಕ್ರೂ ಕ್ಯಾಬ್ ಬಂದು, ಕ್ವಾಡ್ ಎಂಬುದು ಎರಡನೇ ಸ್ಥಾನಕ್ಕೆ ಇಳಿಯಿತು. ಮಾರಾಟದ ಜಾಹೀರಾತಿನಲ್ಲಿ 'ನಾಲ್ಕು ಬಾಗಿಲು' ಎಂದಷ್ಟೇ ಬರೆದಿದ್ದರೆ ಏನೂ ತಿಳಿಯುವುದಿಲ್ಲ. ಪಕ್ಕದಿಂದ ತೆಗೆದ ಫೋಟೊ ನೋಡಿ. ಹಿಂದಿನ ಬಾಗಿಲು ಮುಂದಿನ ಬಾಗಿಲಿನಷ್ಟೇ ಅಗಲ ಇದ್ದರೆ ದೊಡ್ಡ ಕ್ಯಾಬ್, ಎದ್ದು ಕಾಣುವಷ್ಟು ಕಿರಿದಾಗಿದ್ದರೆ ಚಿಕ್ಕದು.

ಇನ್ನು ಅಂಕಿಗಳ ವಿಷಯ. ಲೆಗ್‌ರೂಮ್ ಎಂದು ಕಂಪನಿಗಳು ಕೊಡುವ ಇಂಚು ನಾವು ಟೇಪು ಹಿಡಿದು ಅಳೆಯುವ ಮೊಣಕಾಲಿನ ಜಾಗವಲ್ಲ. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಹಾಕಿಕೊಟ್ಟ ಒಂದು ಕ್ರಮವಿದೆ. ಸೀಟಿನಲ್ಲಿ ಕೂತವರ ಸೊಂಟದ ಕೀಲು ಬರುವ ಬಿಂದುವಿನಿಂದ ಕಾಲಿನ ಹರಡಿನವರೆಗೆ ಓರೆಯಾಗಿ ಅಳೆದು, ಅದಕ್ಕೆ 10 ಇಂಚು ಕೂಡಿಸುತ್ತಾರೆ. ಹಿಂದಿನ ಸೀಟನ್ನು ಅಳೆಯುವಾಗ ಮುಂದಿನ ಸೀಟು ಎಲ್ಲಿರಬೇಕು ಎಂಬುದಕ್ಕೂ ನಿಗದಿಯಾದ ಜಾಗವಿದೆ. ಮುಂದಿನ ಸೀಟು ಹಿಂದಕ್ಕೆ ಎಷ್ಟು ದೂರ ಸರಿಯುತ್ತದೆ ಎಂಬುದರ ಮೇಲೆ ಹಿಂದಿನವರ ಅಂಕಿ ನಿಂತಿದೆ. ಮುಂದಿನವರಿಗೆ ಕಡಿಮೆ ಕೊಟ್ಟರೆ ಹಿಂದಿನವರ ಅಂಕಿ ತಾನಾಗಿ ಏರುತ್ತದೆ. ಕ್ಯಾಬ್ ಒಂದಿಂಚೂ ಬೆಳೆಯಬೇಕಾಗಿಲ್ಲ.

ಆದ್ದರಿಂದ ಮುಂದಿನದನ್ನೂ ಹಿಂದಿನದನ್ನೂ ಕೂಡಿಸಿ ನೋಡಬೇಕು. ಎಫ್-150 ಸೂಪರ್‌ಕ್ರೂವನ್ನೇ ತೆಗೆದುಕೊಳ್ಳಿ. 2009ರಿಂದ 2014ರವರೆಗಿನದರಲ್ಲಿ ಮುಂದೆ 41.4, ಹಿಂದೆ 43.5, ಒಟ್ಟು 84.9. 2015ರ ಮಾದರಿಯಲ್ಲಿ ಹಿಂದಿನದು 43.6, ಅಂದರೆ ಕಾಗದದ ಮೇಲೆ ಏನೂ ಬದಲಾದಂತಿಲ್ಲ. ಆದರೆ ಮುಂದಿನದು 43.9ಕ್ಕೆ ಏರಿ ಒಟ್ಟು 87.5 ಆಯಿತು. ಆರಡಿ ಎತ್ತರದವರು ಓಡಿಸುವ ಮನೆಗೆ ಆ ಎರಡೂವರೆ ಇಂಚು ಹಿಂದೆ ಕೂತವರ ಪಾಲಿನ ಲಾಭ. ಇದರ ಪಕ್ಕದಲ್ಲಿ 2019ರ ರ್‍ಯಾಮ್ 1500 ಕ್ರೂ ಕ್ಯಾಬ್ ಇಟ್ಟು ನೋಡಿ. ಹಿಂದೆ 45.2 ಇಂಚು ಎಂದು ಅದಕ್ಕೆ ಹೆಸರು ಬಂತು, ಬರಲೇಬೇಕು. ಆದರೆ ಮುಂದೆ ಇರುವುದು 40.9, ಒಟ್ಟು 86.1. ಅದೇ ವರ್ಷದ ಸಿಲ್ವರಾಡೊ ಕ್ರೂ ಕ್ಯಾಬ್‌ನಲ್ಲಿ ಹಿಂದೆ 43.4 ಮಾತ್ರ, ಮುಂದಿನ 44.5 ಸೇರಿದರೆ 87.9. ಹಿಂದಿನ ಅಂಕಿಯನ್ನಷ್ಟೇ ನೋಡಿದವರಿಗೆ ರ್‍ಯಾಮ್ ಸುಮಾರು ಎರಡು ಇಂಚು ಮುಂದಿದೆ, ಕೂಡಿಸಿದವರಿಗೆ ಸಿಲ್ವರಾಡೊ ಸುಮಾರು ಎರಡು ಇಂಚು ಮುಂದಿದೆ. ಇಬ್ಬರದೂ ಸುಳ್ಳಲ್ಲ. ಓಡಿಸುವವರು ಕುಳ್ಳಗಿದ್ದರೆ ಎರಡರಲ್ಲೂ ಹಿಂದೆ ಧಾರಾಳ ಜಾಗ ಸಿಗುತ್ತದೆ, ಉದ್ದ ಕಾಲಿನವರಾದರೆ ಸ್ವತಃ ಕೂತು ನೋಡದೆ ಹೇಳಲಾಗದು.

ಟಕೋಮಾದ ಲೆಕ್ಕ ಈ ಮಾತಿಗೆ ಇನ್ನೂ ಒಳ್ಳೆಯ ಸಾಕ್ಷಿ. 2023ರವರೆಗಿನ ಡಬಲ್ ಕ್ಯಾಬ್‌ನಲ್ಲಿ ಹಿಂದೆ 32.6, ಮುಂದೆ 42.9. 2024ರ ಹೊಸದರಲ್ಲಿ ಹಿಂದಿನದು 33.7ಕ್ಕೆ ಏರಿದೆ, ಮುಂದಿನದು 41.8ಕ್ಕೆ ಇಳಿದಿದೆ. ಎರಡರ ಮೊತ್ತವೂ 75.5! ಹಳೇ ಟಕೋಮಾದಲ್ಲಿ ಹಿಂದೆ ಇಕ್ಕಟ್ಟು ಎಂದು ಅದನ್ನು ಮಾರಿ ಹೊಸದು ಕೊಳ್ಳಲು ಹೊರಟವರು ಈ ಮೊತ್ತವನ್ನು ಒಮ್ಮೆ ನೋಡಲಿ.

ಹೊಸದರಲ್ಲಿ ಜಾಗ ಹೆಚ್ಚೇ ಇರುತ್ತದೆ ಎಂಬ ನಂಬಿಕೆಯನ್ನು ಬೇರೆ ಗಾಡಿಗಳೂ ಅಲ್ಲಗಳೆಯುತ್ತವೆ. ಟಂಡ್ರಾ ಕ್ರೂಮ್ಯಾಕ್ಸ್ 2014ರಿಂದ 2021ರವರೆಗೆ 42.3 ಇತ್ತು, 2022ರಲ್ಲಿ 41.6ಕ್ಕೆ ಇಳಿಯಿತು. ಅದಕ್ಕೂ ಹಿಂದಿನ, 2007ರಲ್ಲಿ ಬಂದ ಮೊದಲ ಕ್ರೂಮ್ಯಾಕ್ಸ್‌ನಲ್ಲಿ ಹಿಂದಿನ ಸೀಟು ಹಿಂದೆ ಮುಂದೆ ಸರಿಯುತ್ತಿತ್ತು, ಬೆನ್ನೂ ವಾಲುತ್ತಿತ್ತು. 2014ರಲ್ಲಿ ಆ ಸೌಕರ್ಯವನ್ನು ತೆಗೆದರು. ಷೆವ್ರೊಲೆ ಕೊಲರಾಡೊ ಕ್ರೂ ಕ್ಯಾಬ್ 2015ರಲ್ಲಿ 35.8 ಇದ್ದದ್ದು 2023ರ ಹೊಸ ಮಾದರಿಯಲ್ಲಿ 34.7 ಆಯಿತು. ನಿಸಾನ್ ಫ್ರಂಟಿಯರ್‌ನದು 33.6ರಿಂದ 33.2ಕ್ಕೆ ಬಂತು. ಮಧ್ಯಮ ವರ್ಗದಲ್ಲೇ ಕೊಳ್ಳಬೇಕು, ಹಿಂದೆ ದೊಡ್ಡವರೂ ಕೂರಬೇಕು ಎನ್ನುವವರು ಹೋಂಡಾ ರಿಡ್ಜ್‌ಲೈನ್ ನೋಡುವುದು ಒಳ್ಳೆಯದು. 2006ರ ಮೊದಲ ಮಾದರಿಯಲ್ಲೇ 36.4 ಇತ್ತು, 2017ರಿಂದ 36.7. ಕಾರಿನಂತೆ ಕಟ್ಟಿದ ಗಾಡಿಯಾದ್ದರಿಂದ ನೆಲ ತಗ್ಗಿನಲ್ಲಿದೆ, ಸೀಟು ನೆಲದಿಂದ ಸಾಕಷ್ಟು ಎತ್ತರಕ್ಕಿದೆ, ತೊಡೆಗೆ ಆಧಾರ ಸಿಗುತ್ತದೆ. ಹಳೇ ರಿಡ್ಜ್‌ಲೈನ್ ಹೊಸ ಟಕೋಮಾಕ್ಕಿಂತ ಅಜ್ಜಿ ತಾತನಿಗೆ ಎಷ್ಟೋ ವಾಸಿ.

ತೊಡೆಯ ಆಧಾರವನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಸೀಟು ನೆಲಕ್ಕೆ ತೀರ ಹತ್ತಿರವಿದ್ದರೆ ಮೊಣಕಾಲು ಮೇಲಕ್ಕೆದ್ದು, ಭಾರವೆಲ್ಲ ಕುಂಡಿಯ ಮೇಲೆ ಬೀಳುತ್ತದೆ. ಅರ್ಧ ಗಂಟೆಗೆ ಅದು ಗೊತ್ತಾಗದು, ಡಾಲಸ್‌ನಿಂದ ಹ್ಯೂಸ್ಟನ್‌ಗೆ ಹೋಗುವ ನಾಲ್ಕು ತಾಸಿನಲ್ಲಿ ಗೊತ್ತಾಗುತ್ತದೆ. ಬೆನ್ನಿನ ವಿಷಯವೂ ಹಾಗೆಯೇ. ಪಿಕಪ್‌ನಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಂತೆಯೇ ಕ್ಯಾಬಿನ ಗೋಡೆಯಿರುತ್ತದೆ. ಹಳೇ ಗಾಡಿಗಳಲ್ಲಿ, ಅದರಲ್ಲೂ ಚಿಕ್ಕ ಕ್ಯಾಬ್‌ಗಳಲ್ಲಿ, ಬೆನ್ನು ನೆಟ್ಟಗೆ ನಿಂತಿರುತ್ತದೆ. ಸೊಂಟ ನೋವಿರುವ ಹಿರಿಯರಿಗೆ ಇದು ಲೆಗ್‌ರೂಮಿಗಿಂತ ದೊಡ್ಡ ತೊಂದರೆ. ಹೊಸ ಗಾಡಿಗಳು ನಿಜವಾಗಿ ಗೆದ್ದಿರುವುದು ಇಲ್ಲಿ. 2019ರ ರ್‍ಯಾಮ್ ಕ್ರೂ ಕ್ಯಾಬ್‌ನಲ್ಲಿ ಹಿಂದಿನ ಬೆನ್ನು ಎಂಟು ಡಿಗ್ರಿವರೆಗೆ ವಾಲುವ ಸೌಕರ್ಯ ಬಂತು, ನೆಲವೂ ಸಮತಟ್ಟಾಯಿತು. ನಡುವಿನ ಜಾಗದಲ್ಲಿ ಉಬ್ಬು ಇಲ್ಲದಿದ್ದರೆ ಮೂರನೆಯವರ ಕಾಲಿಗೂ ನೆಮ್ಮದಿ.

ಮೂವರು ಕೂರುವುದಾದರೆ ಭುಜದ ಮಟ್ಟದ ಅಗಲವನ್ನೂ ನೋಡಿ. ದೊಡ್ಡ ವರ್ಗದಲ್ಲಿ ಅದು ಸುಮಾರು 66 ಇಂಚು, ಟಕೋಮಾದಂಥವುಗಳಲ್ಲಿ ಸುಮಾರು 59. ಏಳು ಇಂಚು ಎಂದರೆ ಮೂವರೂ ಒರಗಿ ಕೂರುವುದಕ್ಕೂ, ಒಬ್ಬರು ಸದಾ ಮುಂದಕ್ಕೆ ಬಾಗಿ ಕೂರುವುದಕ್ಕೂ ಇರುವ ವ್ಯತ್ಯಾಸ. ಹಳೇ ಗಾಡಿಗಳಲ್ಲಿ ಹಿಂದಿನವರಿಗೆ ಎ.ಸಿ. ಗಾಳಿಯ ಕಿಂಡಿ ಇದೆಯೇ ಎಂದೂ ನೋಡಬೇಕು. ಅರಿಜೋನಾದ ಜುಲೈ ತಿಂಗಳಿನಲ್ಲಿ ಎಷ್ಟು ದೊಡ್ಡ ಕ್ಯಾಬ್ ಇದ್ದರೂ ಗಾಳಿ ತಲುಪದಿದ್ದರೆ ಹಿಂದಿನವರ ಪಾಡು ಕಷ್ಟ.

ಹತ್ತಿ ಇಳಿಯುವುದು ಇನ್ನೊಂದು ಮುಖ್ಯ ವಿಷಯ, ಮತ್ತು ಅಂಗಡಿಯವರು ಅದರ ಬಗ್ಗೆ ಮಾತೇ ಎತ್ತುವುದಿಲ್ಲ. ಸೀರೆ ಉಟ್ಟ ಅಮ್ಮ ನೆರಿಗೆ ಎತ್ತಿ ಹಿಡಿದು, ಒಂದೇ ಕೈಯಲ್ಲಿ ಹಿಡಿತ ಸಾಧಿಸಿ, ಮೊಣಕಾಲು ಎತ್ತರದ ನೆಲಕ್ಕೆ ಹೆಜ್ಜೆ ಇಡಬೇಕು. ಬಾಗಿಲ ಬದಿಯ ಕಂಬಕ್ಕೆ ಗಟ್ಟಿಯಾದ ಹಿಡಿಕೆ ಇದೆಯೇ, ಅದು ನೆಲದ ಮೇಲೆ ನಿಂತವರ ಕೈಗೆ ಎಟುಕುತ್ತದೆಯೇ ಎಂದು ನೋಡಿ. ಪಕ್ಕದ ಮೆಟ್ಟಿಲು ಹಿಂದಿನ ಬಾಗಿಲಿನ ಕೊನೆಯವರೆಗೂ ಬಂದಿರಬೇಕು. ನಡುವಿನಲ್ಲೇ ನಿಂತ ಮೆಟ್ಟಿಲು ಹಿಂದಿನವರಿಗೆ ಉಪಯೋಗವಿಲ್ಲ. ಮೆಟ್ಟಿಲನ್ನು ಆಮೇಲೆ ಹಾಕಿಸಿಕೊಳ್ಳಬಹುದು, ಹಿಡಿಕೆಯನ್ನು ಹಾಗೆ ಸುಲಭವಾಗಿ ಹಾಕಿಸಲಾಗದು. ರ್‍ಯಾಮ್ 1500ರಲ್ಲಿ 2013ರಿಂದ ಗಾಳಿಯ ಸಸ್ಪೆನ್ಷನ್ ಆಯ್ಕೆಯಾಗಿ ಸಿಗುತ್ತದೆ, ನಿಂತಾಗ ಗಾಡಿಯನ್ನು ತಗ್ಗಿಸಿ ಹತ್ತಲು ಅನುಕೂಲ ಮಾಡುತ್ತದೆ. ಬಳಸಿದ ಗಾಡಿಯಲ್ಲಿ ಅದು ಇದ್ದರೆ ಸೋರಿಕೆ ಇಲ್ಲವೆಂದು ಮೆಕ್ಯಾನಿಕ್ ಕೈಲಿ ನೋಡಿಸಿಯೇ ಕೊಳ್ಳಿ, ರಿಪೇರಿ ಅಗ್ಗವಲ್ಲ.

ಚಿಕ್ಕ ಕ್ಯಾಬ್‌ಗಳ ಪೈಕಿ ಕೆಲವಕ್ಕಿರುವ ಹಿಮ್ಮುಖ ಬಾಗಿಲು ಹತ್ತಿ ಇಳಿಯುವವರಿಗೆ ದೊಡ್ಡ ಅಡ್ಡಿ. ಕದದ ತಿರುಗಣಿ ಹಿಂಬದಿಯಲ್ಲಿರುವ ಇವು ಮುಂದಿನ ಬಾಗಿಲು ತೆರೆಯದೆ ತೆರೆಯುವುದಿಲ್ಲ. ಹಿಂದೆ ಕೂತವರು ಇಳಿಯಬೇಕಾದರೆ ಮುಂದಿನವರು ಮೊದಲು ಬಾಗಿಲು ತೆಗೆಯಬೇಕು, ಎಷ್ಟೋ ಸಲ ಬೆಲ್ಟನ್ನೂ ಬಿಚ್ಚಬೇಕು. ಪಕ್ಕದಲ್ಲಿ ಇನ್ನೊಂದು ಗಾಡಿ ನಿಂತಿರುವ ಪಾರ್ಕಿಂಗ್‌ನಲ್ಲಿ ಎರಡು ಕದಗಳ ನಡುವೆ ಸಿಕ್ಕಿಕೊಂಡು ಮಗುವನ್ನು ಎತ್ತುವುದು ಯಾರಿಗೂ ಬೇಡ.

ಮಕ್ಕಳ ಸೀಟಿನ ವಿಷಯಕ್ಕೆ ಬಂದರೆ ವರ್ಷಕ್ಕೂ ಬೆಲೆ ಬರುತ್ತದೆ. ಅಮೆರಿಕದಲ್ಲಿ ಮಗುವಿನ ಸೀಟನ್ನು ನೇರವಾಗಿ ಗಾಡಿಗೆ ಸಿಕ್ಕಿಸುವ ಕೆಳಗಿನ ಕೊಂಡಿಗಳು ಹೊಸ ಗಾಡಿಗಳಿಗೆಲ್ಲ ಕಡ್ಡಾಯವಾದದ್ದು 2002ರ ಸೆಪ್ಟೆಂಬರ್‌ನಿಂದ. ಅದಕ್ಕೂ ಹಳೆಯ ಪಿಕಪ್‌ನಲ್ಲಿ ಬೆಲ್ಟಿನಿಂದಲೇ ಕಟ್ಟಬೇಕಾಗಬಹುದು. ಹಿಂದಿನ ಸಾಲಿನ ನಡುವಿನ ಸ್ಥಾನಕ್ಕೆ ಭುಜದ ಮೇಲೂ ಬರುವ ಬೆಲ್ಟು ಎಲ್ಲ ಗಾಡಿಗಳಿಗೂ ಬಂದದ್ದು 2008ರ ಮಾದರಿಗಳ ಹೊತ್ತಿಗೆ. ಅದಕ್ಕಿಂತ ಮುಂಚಿನ ಅನೇಕ ಪಿಕಪ್‌ಗಳಲ್ಲಿ ನಡುವೆ ಹೊಟ್ಟೆಯ ಮೇಲೆ ಬರುವ ಬೆಲ್ಟು ಮಾತ್ರ. ಬೂಸ್ಟರ್ ಸೀಟನ್ನು ಅಂಥ ಕಡೆ ಇಡುವಂತೆಯೇ ಇಲ್ಲ, ಅದಕ್ಕೆ ಭುಜದ ಬೆಲ್ಟು ಬೇಕೇ ಬೇಕು. ಅಡ್ಡಮುಖದ ಮಡಚು ಸೀಟಿನ ಮೇಲೆ ಮಗುವಿನ ಸೀಟನ್ನು ಎಂದೂ ಕಟ್ಟಬಾರದು.

ಹಿಮ್ಮುಖವಾಗಿ ಕೂರಿಸುವ ಕೂಸಿನ ಸೀಟು ಎಲ್ಲಕ್ಕಿಂತ ಹೆಚ್ಚು ಉದ್ದ ತಿನ್ನುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವವರೆಗೂ ಮಗುವನ್ನು ಹಿಮ್ಮುಖವಾಗಿಯೇ ಕೂರಿಸಿ ಎನ್ನುತ್ತದೆ. ಹಾಗೆಂದರೆ ಎಷ್ಟೋ ಮಕ್ಕಳಿಗೆ ಎರಡು ವರ್ಷ ದಾಟಿದ ಮೇಲೂ. 33 ಇಂಚಿನ ಕ್ಯಾಬ್‌ನಲ್ಲಿ ಈ ಸೀಟು ಕಟ್ಟಿದರೆ ಅದರ ಮುಂದೆ ಕೂತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತದೆ. 43 ಇಂಚಿನ ಕ್ಯಾಬ್‌ನಲ್ಲಿ ಮುಂದಿನವರಿಗೆ ಗೊತ್ತೇ ಆಗುವುದಿಲ್ಲ. ಒಂದೂವರೆ ವರ್ಷದ ಮಗು ಇರುವ ಮನೆಗೆ ಹೊಸ ಚಿಕ್ಕ ಕ್ಯಾಬಿಗಿಂತ ಹಳೇ ದೊಡ್ಡ ಕ್ಯಾಬ್ ಲೇಸು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಹಿಂದೆ ಜಾಗ ಸಾಲದೆಂದು ಹಿಮ್ಮುಖ ಸೀಟನ್ನು ಏರ್‌ಬ್ಯಾಗಿನ ಎದುರು ಮುಂದಿನ ಸೀಟಿಗೆ ತರುವ ಯೋಚನೆಯನ್ನೇ ಮಾಡಬೇಡಿ, ಏರ್‌ಬ್ಯಾಗ್ ಸಿಡಿದರೆ ಕೂಸಿನ ಜೀವಕ್ಕೇ ಅಪಾಯ.

ಮುಮ್ಮುಖದ ಸೀಟಿಗೆ ಮೇಲಿನ ಪಟ್ಟಿ ಕಟ್ಟುವುದು ಪಿಕಪ್‌ನಲ್ಲಿ ಕಾರಿನಂತಲ್ಲ. ಸೀಟಿನ ಹಿಂದೆ ಡಿಕ್ಕಿ ಇಲ್ಲ, ಗೋಡೆಯಿದೆ. ಅನೇಕ ಗಾಡಿಗಳಲ್ಲಿ ಸೀಟಿನ ಬೆನ್ನ ಮೇಲ್ತುದಿಯಲ್ಲಿ ಬಟ್ಟೆಯ ಕುಣಿಕೆ ಇರುತ್ತದೆ. ಪಟ್ಟಿಯನ್ನು ಅದರೊಳಗೆ ತೂರಿಸಿ ಪಕ್ಕದ ಸ್ಥಾನದ ಕೊಂಡಿಗೆ ಸಿಕ್ಕಿಸಬೇಕು. ಗಾಡಿಯ ಕೈಪಿಡಿ ಓದದೆ ಇದನ್ನು ಊಹೆಯಿಂದ ಮಾಡುವಂತಿಲ್ಲ. ಬಳಸಿದ ಗಾಡಿಯಲ್ಲಿ ಕೈಪಿಡಿ ಇಲ್ಲದಿದ್ದರೆ ಕಂಪನಿಯ ತಾಣದಿಂದ ಇಳಿಸಿಕೊಳ್ಳಿ. ಹಾಗೆಯೇ ಗಾಡಿಯ ಗುರುತಿನ ಸಂಖ್ಯೆಯಾದ ವಿಐಎನ್ ಅನ್ನು ಅಮೆರಿಕದ ಕೇಂದ್ರ ಸರ್ಕಾರದ ರಸ್ತೆ ಸುರಕ್ಷಾ ಸಂಸ್ಥೆಯ ತಾಣದಲ್ಲಿ ಹಾಕಿ ನೋಡಿ. ಟಕಾಟಾ ಕಂಪನಿಯ ಏರ್‌ಬ್ಯಾಗಿನ ದೋಷಕ್ಕಾಗಿ ಹಿಂದಕ್ಕೆ ಕರೆಸಿದ ಗಾಡಿಗಳಲ್ಲಿ ಹಳೇ ಫೋರ್ಡ್ ರೇಂಜರ್, ಡಾಡ್ಜ್ ರ್‍ಯಾಮ್ ಪಿಕಪ್‌ಗಳೂ ಇದ್ದವು. ರಿಪೇರಿ ಉಚಿತ, ಆದರೆ ಹಿಂದಿನ ಮಾಲೀಕರು ಮಾಡಿಸಿರುತ್ತಾರೆಂದು ನಂಬುವಂತಿಲ್ಲ.

ನೋಡಲು ಹೋಗುವ ದಿನ ಮನೆಮಂದಿಯನ್ನು ಕರೆದೊಯ್ಯಿರಿ, ಮಗುವಿನ ಸೀಟನ್ನೂ ಜೊತೆಗೆ ಒಯ್ಯಿರಿ. ಮೊದಲು ಓಡಿಸುವವರು ಕೂತು ಸೀಟನ್ನು ತಮಗೆ ಹೊಂದುವಂತೆ ಸರಿಪಡಿಸಿಕೊಳ್ಳಲಿ. ಆಮೇಲೆ ಅದೇ ಸೀಟಿನ ಹಿಂದೆ ಮನೆಯ ಅತಿ ಎತ್ತರದವರು ಕೂರಲಿ. ಮೊಣಕಾಲಿಗೂ ಮುಂದಿನ ಸೀಟಿನ ಬೆನ್ನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ, ಪಾದ ಮುಂದಿನ ಸೀಟಿನ ಅಡಿಗೆ ಹೋಗುತ್ತದೆಯೇ, ತಲೆ ಹಿಂದಿನ ಗಾಜಿಗೆ ಎಷ್ಟು ಹತ್ತಿರ, ಇದನ್ನೆಲ್ಲ ಅಲ್ಲೇ ನೋಡಿ. ಷೋರೂಮಿನವರು ಮುಂದಿನ ಸೀಟನ್ನು ಮುಂದಕ್ಕೆ ತಳ್ಳಿ ಇಟ್ಟಿರುವುದು ಸಾಮಾನ್ಯ. ಅದಕ್ಕೇ ಓಡಿಸುವವರು ಮೊದಲು ಕೂರಬೇಕು ಎಂದದ್ದು. ಹಿಂದೆ ಕೂತು ಹತ್ತು ನಿಮಿಷವಾದರೂ ಇರಿ, ಹೆದ್ದಾರಿಗೊಮ್ಮೆ ಹೋಗಿ ಬನ್ನಿ. ಹಿರಿಯರಿದ್ದರೆ ಸಹಾಯವಿಲ್ಲದೆ ಒಮ್ಮೆ ಹತ್ತಿ ಇಳಿಯಲಿ.

ದೊಡ್ಡ ಕ್ಯಾಬಿಗೆ ತೆರಬೇಕಾದ ಬೆಲೆ ಬೆಡ್ಡಿನಲ್ಲಿದೆ. ಕ್ಯಾಬ್ ಬೆಳೆದಂತೆ ಎಂಟಡಿಯ ಬೆಡ್ ಆರೂವರೆಗೆ, ಅಲ್ಲಿಂದ ಐದೂವರೆಗೆ ಇಳಿಯಿತು. ಪ್ಲೈವುಡ್ಡಿನ ಹಾಳೆ ಎಂಟಡಿ ಉದ್ದವಿರುತ್ತದೆ. ಐದೂವರೆ ಅಡಿಯ ಬೆಡ್ಡಿನಲ್ಲಿ ಹಿಂದಿನ ಕದ ಇಳಿಸಿ, ಹಗ್ಗ ಬಿಗಿದು, ಕೆಂಪು ಬಟ್ಟೆ ಕಟ್ಟಿ ಒಯ್ಯಬೇಕು. ವರ್ಷಕ್ಕೆ ಒಂದೆರಡು ಸಲ ಹಾಗೆ ಒಯ್ಯುವವರಿಗೆ ಅದೊಂದು ತೊಂದರೆಯೇ ಅಲ್ಲ, ಮರಗೆಲಸವೇ ಕಸುಬಾದವರಿಗೆ ದಿನವೂ ತಲೆನೋವು. ಗ್ಯಾರೇಜನ್ನೂ ಅಳೆದುಕೊಳ್ಳಿ. ಐದೂವರೆ ಅಡಿ ಬೆಡ್ಡಿನ ಹೊಸ ಎಫ್-150 ಸೂಪರ್‌ಕ್ರೂ ಸುಮಾರು 232 ಇಂಚು, ಅಂದರೆ ಹತ್ತೊಂಬತ್ತು ಅಡಿ ದಾಟುತ್ತದೆ. ಇಪ್ಪತ್ತಡಿ ಆಳದ ಗ್ಯಾರೇಜಿನಲ್ಲಿ ಅದನ್ನು ನಿಲ್ಲಿಸಿದರೆ ಮುಂದೆ ಒಂದು ಸೈಕಲ್ಲಿಗೂ ಜಾಗ ಉಳಿಯದು.

ಊರಿಗೆ ಮರಳಿ ಪಿಕಪ್ ಕೊಳ್ಳುವ ಆಸೆಯಿರುವವರು ಅಮೆರಿಕದ ಈ ಜಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬಾರದು. ಭಾರತದಲ್ಲಿ 2016ರಲ್ಲಿ ಬಂದ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ, ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸ್ ಎರಡೂ ಮಧ್ಯಮ ವರ್ಗದವು. ಹೈಲಕ್ಸ್‌ನ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ 3,085 ಮಿ.ಮೀ., ವಿ-ಕ್ರಾಸ್‌ನದು 3,095; ಎಫ್-150 ಸೂಪರ್‌ಕ್ರೂವಿನದು ಸುಮಾರು 3,680. ಎರಡಡಿಯ ಆ ಅಂತರದಲ್ಲಿ ಹಿಂದಿನ ಸೀಟಿನ ಪಾಲೂ ಇದೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಏರುಹಾದಿಗೆ ಇವು ಒಗ್ಗುತ್ತವೆ, ಆದರೆ ಹಿಂದೆ ಮೂವರು ದೊಡ್ಡವರನ್ನು ಕೂರಿಸಿಕೊಂಡು ಬೆಂಗಳೂರಿನವರೆಗೆ ಹೋಗುವ ಯೋಚನೆಯಿದ್ದರೆ ಅವರನ್ನು ಮೊದಲೇ ಷೋರೂಮಿಗೆ ಕರೆದೊಯ್ದು ಹಿಂದಿನ ಸೀಟಿನಲ್ಲಿ ಕೂರಿಸಿ, ನಡುವೆ ಕೂತವರನ್ನು ವಿಶೇಷವಾಗಿ ಕೇಳಿ.